24 ಗಂಟೆ ನೆಟ್‌ವರ್ಕ್ ಇಲ್ಲದಿದ್ದರೆ ರೀಚಾರ್ಜ್ ಹಣ ವಾಪಸ್ ಬರುತ್ತದೆಯೇ? ಆ ಫಾರ್ವರ್ಡ್ ಹೇಳಿದ್ದೆಷ್ಟು, ಬಿಟ್ಟಿದ್ದೆಷ್ಟು

"ನಿಮ್ಮ ಊರಲ್ಲಿ 24 ಗಂಟೆ ನೆಟ್‌ವರ್ಕ್ ಇಲ್ಲದಿದ್ದರೆ ಕಂಪನಿ ನಿಮ್ಮ ರೀಚಾರ್ಜ್ ಹಣ ವಾಪಸ್ ಕೊಡಬೇಕು, ಟ್ರಾಯ್ ಹೊಸ ನಿಯಮ, ಎಲ್ಲರಿಗೂ ಶೇರ್ ಮಾಡಿ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಮಳೆಗಾಲದಲ್ಲಿ ಇದರ ಓಡಾಟ ಜೋರು. ನೆಟ್‌ವರ್ಕ್ ಹೋದಾಗ ಓದಲಾಗದ ಈ ಸಂದೇಶ ನೆಟ್‌ವರ್ಕ್ ಬಂದ ಕೂಡಲೇ ಹತ್ತು ಗ್ರೂಪುಗಳಿಂದ ಒಟ್ಟಿಗೆ ಬಂದು ಬೀಳುತ್ತದೆ.

ನಾವು ಇದನ್ನು ಗಂಭೀರವಾಗಿ ನೋಡಿದ್ದು ಅಥಣಿಯಲ್ಲಿ, ಒಂದು ಚಪ್ಪಲಿ ಅಂಗಡಿಯಲ್ಲಿ ಕೂತಿದ್ದಾಗ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳನ್ನು ತಲೆಮಾರುಗಳಿಂದ ಹೊಲಿಯುವ ಊರು ಇದು. ಅಂಗಡಿಯವರು ಕ್ಯೂಆರ್ ಕೋಡಿನ ಫಲಕವನ್ನು ತಿರುಗಿಸಿ ಗೋಡೆಗೆ ಒರಗಿಸಿದ್ದರು. "ಮುಂಜಾನಿಂದ ರೇಂಜ್ ಇಲ್ರಿ. ಗಿರಾಕಿ ಬರ್ತಾರ, ಸ್ಕ್ಯಾನ್ ಮಾಡ್ತಾರ, ಅದು ಗೋಲ್ ಗೋಲ್ ತಿರಗತೈತಿ, ಚಪ್ಪಲಿ ಅಲ್ಲೇ ಇಟ್ಟು ಹೋಗ್ತಾರ" ಎಂದರು. ಹಿಂದಿನ ದಿನವೂ ಹಾಗೇ ಆಗಿತ್ತಂತೆ. ಆಮೇಲೆ ಅವರ ಮಗ ಫೋನಿನಲ್ಲಿ ಉಳಿಸಿಟ್ಟಿದ್ದ ಈ ಫಾರ್ವರ್ಡ್ ತೋರಿಸಿ, "ಇದು ಖರೇನ್ರಿ?" ಎಂದು ಕೇಳಿದ.

ಪೂರ್ತಿ ಸುಳ್ಳಲ್ಲ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು.

ನಿಯಮ ಇರುವುದು ನಿಜ

ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2024ರ ಆಗಸ್ಟ್‌ನಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮಗಳನ್ನು ಪ್ರಕಟಿಸಿತು. 2024ರ ಅಕ್ಟೋಬರ್ 1ರಿಂದ ಅವು ಜಾರಿಗೆ ಬಂದವು. ಮೊಬೈಲ್ ಸೇವೆ ನಿಂತುಹೋದರೆ ಗ್ರಾಹಕರಿಗೆ ಕೊಡಬೇಕಾದ ಪರಿಹಾರದ ಭಾಗಕ್ಕೆ 2025ರ ಏಪ್ರಿಲ್ 1ರ ಗಡುವು ಇತ್ತು.

ಆ ನಿಯಮದಲ್ಲಿ ಹೇಳಿರುವುದು ಇಷ್ಟು. ಒಂದು ಜಿಲ್ಲೆಯಲ್ಲಿ ಸೇವೆ 4 ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಕಂಪನಿ ಅದನ್ನು ಟ್ರಾಯ್‌ಗೆ ತಿಳಿಸಬೇಕು. 24 ಗಂಟೆ ದಾಟಿದರೆ ಗ್ರಾಹಕರಿಗೆ ಪರಿಹಾರ. ಪೋಸ್ಟ್‌ಪೇಯ್ಡ್ ಆದರೆ ಸೇವೆ ಇಲ್ಲದ ದಿನಗಳ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಬೇಕು. ಪ್ರಿಪೇಯ್ಡ್ ಆದರೆ ಅಷ್ಟು ದಿನ ವ್ಯಾಲಿಡಿಟಿ ಮುಂದಕ್ಕೆ ಹಾಕಬೇಕು. ಗುಣಮಟ್ಟದ ಅಳತೆಗಳನ್ನು ತಲುಪದ ಕಂಪನಿಗೆ ಹಾಕುವ ದಂಡವನ್ನೂ ಏರಿಸಿದರು. ಮೊದಲು 50 ಸಾವಿರ ರೂಪಾಯಿ ಇದ್ದದ್ದು 1 ಲಕ್ಷಕ್ಕೆ ಹೋಯಿತು, ತಪ್ಪಿನ ತೂಕ ನೋಡಿ 10 ಲಕ್ಷದವರೆಗೂ ಹಾಕಬಹುದು. ಆದರೆ ಆ ದಂಡ ಗ್ರಾಹಕರ ಕೈಗೆ ಬರುವ ದುಡ್ಡಲ್ಲ.

ಇದರಲ್ಲೇ ಫಾರ್ವರ್ಡಿನ ಮೊದಲ ಎಡವಟ್ಟು ಕಾಣುತ್ತದೆ. "ಹಣ ವಾಪಸ್" ಎಂಬ ಮಾತು ಪ್ರಿಪೇಯ್ಡ್‌ನವರಿಗೆ ಅನ್ವಯಿಸುವುದಿಲ್ಲ. ನಮ್ಮ ದೇಶದ ಮೊಬೈಲ್ ಗ್ರಾಹಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಪ್ರಿಪೇಯ್ಡ್‌ನವರು. ಅವರಿಗೆ ಸಿಗುವುದು ದಿನಗಳು, ರೂಪಾಯಿಯಲ್ಲ. ಪೋಸ್ಟ್‌ಪೇಯ್ಡ್‌ನವರಿಗೆ ಸಿಗುವ ರೂಪಾಯಿಯೂ ಎಷ್ಟು ಎಂದು ಲೆಕ್ಕ ಹಾಕಿ. ತಿಂಗಳಿಗೆ 450 ರೂಪಾಯಿ ಬಾಡಿಗೆ ಕೊಡುವವರಿಗೆ ಎರಡು ದಿನದ ಬಾಬ್ತು 30 ರೂಪಾಯಿ. ಎರಡು ದಿನ ವ್ಯಾಪಾರ ಕೆಟ್ಟ ಚಪ್ಪಲಿ ಅಂಗಡಿಗೆ ಇದು ಒಂದು ಹೊತ್ತಿನ ಚಹಾದ ಖರ್ಚು. ಹೋದ ವ್ಯಾಪಾರಕ್ಕೆ ಈ ನಿಯಮದಲ್ಲಿ ಲೆಕ್ಕವೇ ಇಲ್ಲ.

ಫಾರ್ವರ್ಡ್ ಬಿಟ್ಟುಬಿಟ್ಟ ಒಂದು ಪದ: ಜಿಲ್ಲೆ

ಫಾರ್ವರ್ಡ್ "ನಿಮ್ಮ ಊರಲ್ಲಿ" ಎನ್ನುತ್ತದೆ. ನಿಯಮ "ಜಿಲ್ಲೆಯಲ್ಲಿ" ಎನ್ನುತ್ತದೆ. ಬೇರೆ ಕಡೆ ಇದು ಸಣ್ಣ ವ್ಯತ್ಯಾಸ ಇರಬಹುದು, ಅಥಣಿಯವರಿಗೆ ಇದೇ ಎಲ್ಲ.

ವಿಸ್ತೀರ್ಣದಲ್ಲಿ ಬೆಳಗಾವಿ ಕರ್ನಾಟಕದ ಅತಿ ದೊಡ್ಡ ಜಿಲ್ಲೆ, 13 ಸಾವಿರ ಚದರ ಕಿಲೋಮೀಟರ್ ಮೀರಿದ್ದು. ಅಥಣಿಯಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರ್‌ಗಿಂತ ಹೆಚ್ಚು ದಾರಿ. ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಎರಡು ದಿನ ಟವರ್ ಸತ್ತಿರಬಹುದು, ಅದೇ ಹೊತ್ತಿಗೆ ಬೆಳಗಾವಿ, ಗೋಕಾಕ, ಖಾನಾಪುರದಲ್ಲಿ ಎಲ್ಲರೂ ಆರಾಮಾಗಿ ರೀಲ್ಸ್ ನೋಡುತ್ತಿರಬಹುದು. ಆಗ ಕಂಪನಿಯ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸೇವೆ ಇದೆ. ನಾಲ್ಕು ಹಳ್ಳಿಗೆ ಸೇರಿದ ಒಂದು ಟವರ್ ಹೋದರೆ ಅದನ್ನು ಜಿಲ್ಲೆಯ ಸೇವೆ ನಿಂತಿದೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಹಳೆಯದು. ಆಸ್ಪತ್ರೆ, ಕಚೇರಿ, ಅನುದಾನದ ಮಾತುಗಳಷ್ಟೇ ಅಲ್ಲಿ ಕೇಳಿಬರುತ್ತವೆ. ನೆಟ್‌ವರ್ಕ್ ಹೋದ ಲೆಕ್ಕವೂ ಜಿಲ್ಲೆಯ ಗಾತ್ರದ ಮೇಲೆ ನಿಂತಿದೆ ಎನ್ನುವುದು ಆ ಪಟ್ಟಿಗೆ ಸೇರಿಸಬಹುದಾದ ವಿಷಯ.

ಇನ್ನೊಂದು ಸಿಕ್ಕು ಗಡಿಯವರದೇ. ಪರಿಹಾರ ಸಿಗುವುದು ಸೇವೆ ನಿಂತ ಜಿಲ್ಲೆಯಲ್ಲಿ ನೋಂದಣಿಯಾದ ಗ್ರಾಹಕರಿಗೆ. ಈ ಭಾಗದವರಿಗೆ ಮಿರಜ, ಸಾಂಗಲಿ ಪಕ್ಕದ ಊರುಗಳು. ದವಾಖಾನೆಗೆ, ಬಟ್ಟೆಗೆ, ಕಾಲೇಜಿಗೆ ಹೋಗುವವರು ಸಿಮ್ಮನ್ನೂ ಅಲ್ಲೇ ಕೊಂಡಿರುತ್ತಾರೆ. ಸಾಂಗಲಿ ಜಿಲ್ಲೆಯಲ್ಲಿ ನೋಂದಣಿಯಾದ ಸಿಮ್ ಕಾಗವಾಡದಲ್ಲಿ ಎರಡು ದಿನ ಸತ್ತರೂ ನಿಯಮದ ಮಾತಿನ ಪ್ರಕಾರ ಅದು ಬೆಳಗಾವಿಯ ಗ್ರಾಹಕನ ನಷ್ಟವಲ್ಲ.

ಗಂಟೆಗಳ ಲೆಕ್ಕವೂ ಅಂದುಕೊಂಡಷ್ಟು ಸರಳವಿಲ್ಲ. ಒಂದು ತಾರೀಖಿನಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಸೇವೆ ಇಲ್ಲದಿದ್ದರೆ ಅದನ್ನು ಒಂದು ಪೂರ್ತಿ ದಿನ ಎಂದು ಎಣಿಸುತ್ತಾರೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೋದ ನೆಟ್‌ವರ್ಕ್ ಬುಧವಾರ ಬೆಳಿಗ್ಗೆ 9ಕ್ಕೆ ಬಂತು ಎನ್ನಿ. ಒಟ್ಟು 43 ಗಂಟೆ. ಆದರೆ ಸೋಮವಾರದ ಪಾಲು 10 ಗಂಟೆ, ಬುಧವಾರದ್ದು 9 ಗಂಟೆ, ಎರಡೂ 12 ಮುಟ್ಟುವುದಿಲ್ಲ. ಮಂಗಳವಾರ ಒಂದೇ ಎಣಿಕೆಗೆ ಬರುತ್ತದೆ. ಸುಮಾರು ಎರಡು ದಿನ ಹೋದದ್ದಕ್ಕೆ ಒಂದು ದಿನದ ವ್ಯಾಲಿಡಿಟಿ.

ಹೊಳೆ ಬಂದಾಗ?

ನಮಗೆ ಅತಿ ಹೆಚ್ಚು ಚುಚ್ಚಿದ್ದು ನಿಯಮದ ಇನ್ನೊಂದು ವಾಕ್ಯ. ನೈಸರ್ಗಿಕ ವಿಕೋಪದಿಂದ ಸೇವೆ ನಿಂತರೆ ಈ ಪರಿಹಾರ ಇಲ್ಲ.

2019ರ ಆಗಸ್ಟ್ ಈ ಕಡೆಯ ಯಾರಿಗೂ ಮರೆತಿಲ್ಲ. ಪಶ್ಚಿಮ ಘಟ್ಟದಲ್ಲಿ ಮಳೆ, ಮಹಾರಾಷ್ಟ್ರದ ಕೊಯ್ನಾದಿಂದ ನೀರು, ಕೃಷ್ಣೆ ದಡ ಬಿಟ್ಟು ಊರೊಳಗೆ ಬಂದಳು. ಸಪ್ತಸಾಗರ, ನದಿ ಇಂಗಳಗಾವ, ಜುಗೂಳ, ಮಂಗಾವತಿ, ಕುಡಚಿ, ಹೀಗೆ ಹೊಳೆಸಾಲಿನ ಊರುಗಳವರು ದನಕರು ಹೊಡಕೊಂಡು ಎತ್ತರದ ಜಾಗಕ್ಕೆ, ಗಂಜಿ ಕೇಂದ್ರಗಳಿಗೆ ಹೋದರು. ರಾಜ್ಯದಲ್ಲಿ ಆ ವರ್ಷ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆ ಬೆಳಗಾವಿ. 2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು.

ಹೊಳೆ ಬಂದಾಗ ಮೊದಲು ಕರೆಂಟ್ ತೆಗೆಯುತ್ತಾರೆ. ಅದು ಬೇಜವಾಬ್ದಾರಿಯಲ್ಲ, ನೀರಿನಲ್ಲಿ ನಿಂತ ಕಂಬ, ಟ್ರಾನ್ಸ್‌ಫಾರ್ಮರ್‌ನಲ್ಲಿ ಕರೆಂಟ್ ಬಿಟ್ಟರೆ ಜೀವ ಹೋಗುತ್ತದೆ. ಕರೆಂಟ್ ಹೋದ ಕೆಲವು ಗಂಟೆಗಳ ಮೇಲೆ ಟವರಿನ ಬ್ಯಾಟರಿ ಮುಗಿಯುತ್ತದೆ. ಡೀಸೆಲ್ ಜನರೇಟರ್ ಇದ್ದರೂ ರಸ್ತೆ ಮುಳುಗಿದ್ದರೆ ಡೀಸೆಲ್ ಒಯ್ಯುವವರಿಲ್ಲ. ಅಜ್ಜಿ ಯಾವ ಕೇಂದ್ರದಲ್ಲಿದ್ದಾಳೆ, ತಮ್ಮ ದೋಣಿ ಹತ್ತಿದನೋ ಇಲ್ಲವೋ ಎಂದು ತಿಳಿಯಬೇಕಾದ ಹೊತ್ತಿನಲ್ಲೇ ಫೋನು ಸುಮ್ಮನಾಗುತ್ತದೆ.

ಅಂದಿನ ಪೂರ ಇಂದು ಬಂದರೆ ಫಾರ್ವರ್ಡಿನ ನಿಯಮ ಹೊಳೆಸಾಲಿನವರ ನೆರವಿಗೆ ಬರುವುದಿಲ್ಲ. ಆದರೂ ಒಂದು ಮಾತು ಗಮನಿಸಿ. ವಿಕೋಪ ಎಲ್ಲಿ ಮುಗಿಯುತ್ತದೆ ಎನ್ನುವುದರಲ್ಲಿ ವಾದಕ್ಕೆ ಜಾಗ ಇದೆ. ನೀರು ಇಳಿದು, ರಸ್ತೆ ತೆರೆದು, ಮನೆಗಳಿಗೆ ಕರೆಂಟ್ ಬಂದು ಹದಿನೈದು ದಿನವಾದರೂ ಟವರ್ ರಿಪೇರಿಯಾಗದಿದ್ದರೆ ಅದು ಹೊಳೆಯ ತಪ್ಪೋ ಕಂಪನಿಯ ತಪ್ಪೋ? ಜೆಸಿಬಿ ಅಗೆದು ಕೇಬಲ್ ತುಂಡಾದರೆ ಅದು ವಿಕೋಪವಲ್ಲವೇ ಅಲ್ಲ. ನೆಟ್‌ವರ್ಕ್ ಹೋದ ಕಾರಣ ಮತ್ತು ತಾರೀಖು ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೆ ಮುಖ್ಯ.

ಕಡ್ಡಿ ಫುಲ್ ಇವೆ, ನೆಟ್ ಮಾತ್ರ ಇಲ್ಲ: ಇದು ಹೇಗೆ?

ಅಂಗಡಿಯ ಹುಡುಗ ಕೇಳಿದ ಎರಡನೇ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ.

ಫೋನಿನ ಮೇಲೆ ಕಾಣುವ ಕಡ್ಡಿಗಳು ನಿಮ್ಮ ಫೋನಿಗೂ ಹತ್ತಿರದ ಟವರಿಗೂ ನಡುವಿನ ಸಂಬಂಧವನ್ನು ಮಾತ್ರ ಹೇಳುತ್ತವೆ. ಟವರಿನಿಂದ ಮುಂದೆ ದಾರಿ ತೆರೆದಿದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಬಸ್ ಸ್ಟ್ಯಾಂಡ್ ಮನೆಯ ಎದುರಿಗೇ ಇದೆ, ಆದರೆ ಮುಂದೆ ಸೇತುವೆ ಮುಳುಗಿದೆ ಎಂದರೆ ಹೇಗೋ ಹಾಗೆ. ಟವರಿನಿಂದ ಕಂಪನಿಯ ಕೇಂದ್ರಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ನೆಲದಡಿಯ ಆಪ್ಟಿಕಲ್ ಫೈಬರ್ ಕೇಬಲ್. ರಸ್ತೆ ಅಗಲೀಕರಣ, ಕುಡಿಯುವ ನೀರಿನ ಪೈಪು, ಚರಂಡಿ ಎಂದು ನೆಲ ಅಗೆಯುವಾಗ ಅದು ತುಂಡಾಗುತ್ತದೆ. ಒಂದೇ ಕೇಬಲ್ ಹತ್ತಾರು ಟವರುಗಳಿಗೆ ಹೋಗಿದ್ದರೆ ಹತ್ತಾರು ಹಳ್ಳಿಗಳು ಒಟ್ಟಿಗೆ ಮೂಕವಾಗುತ್ತವೆ.

ಕೇಬಲ್ ತಲುಪದ ಕಡೆ ಟವರಿನಿಂದ ಟವರಿಗೆ ಗಾಳಿಯಲ್ಲೇ ಸಂಕೇತ ಕಳಿಸುತ್ತಾರೆ. ಟವರಿನ ಮೇಲೆ ಹಲಗೆಯಂಥ ಬಿಳಿ ಡೋಲು ನೇತುಹಾಕಿದ್ದು ಕಂಡಿದ್ದರೆ ಅದೇ ಅದು, ಮೈಕ್ರೋವೇವ್ ಆಂಟೆನಾ. "ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ" ಎಂಬ ಜನರ ಮಾತು ಅರ್ಧ ನಿಜ. ನಿಮ್ಮ ಫೋನು ಬಳಸುವ 4ಜಿ ಅಲೆಗಳಿಗೆ ಮಳೆ ಹೆಚ್ಚೇನೂ ಮಾಡುವುದಿಲ್ಲ. ಆ ಡೋಲುಗಳ ನಡುವಿನ ಅಲೆಗಳು ಬಹಳ ಹೆಚ್ಚಿನ ಆವರ್ತನದವು, ಜೋರು ಮಳೆಯ ಹನಿಗಳು ಅವನ್ನು ಹೀರಿ ಚದುರಿಸಿಬಿಡುತ್ತವೆ. ಮಳೆ ಬಿಟ್ಟ ಕೂಡಲೇ ನೆಟ್ ತಾನಾಗಿ ಬಂದರೆ ಕಾರಣ ಇದಿರಬಹುದು. ಮಳೆ ಬಿಟ್ಟು ಕರೆಂಟ್ ಬಂದ ಮೇಲಷ್ಟೇ ಬಂದರೆ ಕಾರಣ ಬ್ಯಾಟರಿ. ಒಂದೇ ಟವರನ್ನು ಎರಡು ಮೂರು ಕಂಪನಿಗಳು ಹಂಚಿಕೊಳ್ಳುವುದು ಸಾಮಾನ್ಯ, ಹಾಗಾಗಿ ಹೆಸ್ಕಾಂ ಲೈನ್ ಹೋದಾಗ ಬೇರೆ ಬೇರೆ ಸಿಮ್‌ಗಳು ಒಟ್ಟಿಗೆ ಮಲಗುವುದರಲ್ಲಿ ಆಶ್ಚರ್ಯವಿಲ್ಲ.

ಕಡ್ಡಿ ಇದ್ದೂ ಸೇವೆ ಇಲ್ಲದ ಸ್ಥಿತಿ ಎಷ್ಟು ಅಪಾಯ ತರಬಲ್ಲದು ಎನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ದಿನ ಸಾಕ್ಷಿ. 2023ರ ನವೆಂಬರ್ 8ರಂದು ಅಲ್ಲಿನ ಎರಡನೇ ದೊಡ್ಡ ಕಂಪನಿ ಆಪ್ಟಸ್‌ನ ಜಾಲ ಬೆಳಗಿನ ಜಾವ ಬಿದ್ದಿತು. ಸುಮಾರು 1 ಕೋಟಿ ಗ್ರಾಹಕರಿಗೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಸಾಫ್ಟ್‌ವೇರ್ ಬದಲಾವಣೆಯ ನಂತರ ರೂಟರುಗಳಿಗೆ ದಾರಿ ತೋರುವ ಮಾಹಿತಿ ಮಿತಿ ಮೀರಿ ಹರಿದುಬಂದು, ಅವು ತಮ್ಮ ರಕ್ಷಣೆಗೆ ತಾವೇ ಸಂಪರ್ಕ ಕಡಿದುಕೊಂಡವು. ಕೆಲವು ಕಡೆ ಸಿಬ್ಬಂದಿ ಖುದ್ದಾಗಿ ಹೋಗಿ ಸರಿಪಡಿಸಬೇಕಾಯಿತು. ಎಲ್ಲ ಸರಿಯಾಗಲು ದಿನದ ಬಹುಪಾಲು ಹಿಡಿಯಿತು.

ಜನರಿಗೆ ಸಿಟ್ಟು ಬಂದದ್ದು ಆಮೇಲೆ. ಕಂಪನಿ ಪರಿಹಾರ ಎಂದು ಕೊಟ್ಟದ್ದು 200 ಜಿಬಿ ಉಚಿತ ಡೇಟಾ. ಕಾರ್ಡ್ ಯಂತ್ರ ನಿಂತು ವ್ಯಾಪಾರ ಹೋದ ಹೋಟೆಲಿನವನಿಗೆ ಡೇಟಾ ಕಟ್ಟಿಕೊಂಡು ಏನಾಗಬೇಕು? ಹನ್ನೆರಡು ದಿನಗಳಲ್ಲಿ ಕಂಪನಿಯ ಮುಖ್ಯಸ್ಥೆ ಕೆಲಿ ಬೇಯರ್ ರಾಸ್‌ಮರಿನ್ ರಾಜೀನಾಮೆ ಕೊಟ್ಟರು. ಅದಕ್ಕಿಂತ ಗಂಭೀರವಾದ ಸಂಗತಿ ಎಂದರೆ, ಆ ದಿನ ತುರ್ತು ಸಂಖ್ಯೆ 000ಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಕರೆ ಹೋಗಲಿಲ್ಲ. ತಮ್ಮ ಕಂಪನಿಯ ಜಾಲ ಇಲ್ಲದಿದ್ದರೆ ಫೋನು ಬೇರೆ ಕಂಪನಿಯ ಟವರ್ ಹಿಡಿದು ತುರ್ತು ಕರೆ ಮಾಡಬೇಕು. ಆದರೆ ಆಪ್ಟಸ್‌ನ ಕೆಲವು ಟವರುಗಳು ಹಿಂದಿನ ದಾರಿ ಕಡಿದಿದ್ದರೂ "ನಾನಿದ್ದೇನೆ" ಎಂದು ಸಂಕೇತ ಬಿಡುತ್ತಲೇ ಇದ್ದವು. ಫೋನುಗಳು ಅವನ್ನೇ ನಂಬಿ ಕೂತವು.

ಅಲ್ಲಿನವರ ಸಿಟ್ಟಿಗೆ ಹೋಗಿ ನಿಲ್ಲಲು ಒಂದು ಬಾಗಿಲಿತ್ತು. ದೂರಸಂಪರ್ಕ ದೂರುಗಳಿಗೆಂದೇ ಸ್ವತಂತ್ರ ಓಂಬುಡ್ಸ್‌ಮನ್ ಅಲ್ಲಿದೆ. ಬ್ಯಾಂಕಿನ ಮೇಲೆ ದೂರಿದ್ದರೆ ನಮ್ಮಲ್ಲೂ ಓಂಬುಡ್ಸ್‌ಮನ್ ಇದ್ದಾರೆ. ಮೊಬೈಲ್ ಕಂಪನಿಗಳ ಮೇಲೆ ಅಂಥವರು ನಮ್ಮಲ್ಲಿಲ್ಲ. ಹಾಗಾದರೆ ಎಲ್ಲಿಗೆ ಹೋಗಬೇಕು?

121 ಅಲ್ಲ, 198

ಟ್ರಾಯ್‌ಗೆ ಪತ್ರ ಬರೆದರೆ ನಿಮ್ಮೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ. ಅದರ ಕೆಲಸ ನಿಯಮ ಮಾಡುವುದು, ಕಂಪನಿಗಳ ಮೇಲೆ ಕಣ್ಣಿಡುವುದು. "ಟ್ರಾಯ್‌ಗೆ ಟ್ಯಾಗ್ ಮಾಡಿ, ಹಣ ಬರುತ್ತದೆ" ಎಂಬ ಸಲಹೆ ಸಿಟ್ಟು ತೀರಿಸಿಕೊಳ್ಳಲಷ್ಟೇ ಉಪಯೋಗ.

ಮೊದಲ ಮೆಟ್ಟಿಲು ನಿಮ್ಮ ಕಂಪನಿಯ ದೂರು ಕೇಂದ್ರ. ಅದರ ಸಂಖ್ಯೆ 198, ಉಚಿತ. ಪ್ಲ್ಯಾನ್, ಕಾಲರ್ ಟ್ಯೂನ್ ಮಾಹಿತಿಗೆ ಇರುವ 121ಕ್ಕೂ ಇದಕ್ಕೂ ವ್ಯತ್ಯಾಸ ಇದೆ. 198ಕ್ಕೆ ಮಾಡಿದ ದೂರಿಗೆ ಒಂದು ಡಾಕೆಟ್ ನಂಬರ್ ಕೊಡಲೇಬೇಕು. ಅದೇ ನಿಮ್ಮ ಕೈಯಲ್ಲಿರುವ ರಸೀದಿ. ಆ ನಂಬರ್ ಇಲ್ಲದೆ ಹತ್ತು ಸಲ ಫೋನ್ ಮಾಡಿ ಬೈದರೂ ನೀವು ದೂರು ಕೊಟ್ಟಿಲ್ಲ ಎಂದೇ ಲೆಕ್ಕ. ಅಂಗಡಿಯವರು ಎರಡು ದಿನದಲ್ಲಿ ಐದಾರು ಸಲ ಕರೆ ಮಾಡಿದ್ದರು, ಅದೂ ಪಕ್ಕದ ಊರಿಗೆ ಹೋದಾಗ, 121ಕ್ಕೆ. ಡಾಕೆಟ್ ನಂಬರ್ ಒಂದೂ ಇರಲಿಲ್ಲ.

ಉತ್ತರ ತೃಪ್ತಿ ಕೊಡದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು. ಕಂಪನಿಯ ಮೇಲಿನ ದೂರನ್ನು ಕಂಪನಿಯೇ ಕೇಳುವುದು ಎಂಥ ನ್ಯಾಯ ಎನ್ನಿಸಿದರೆ ನಮಗೂ ಹಾಗೇ ಅನ್ನಿಸುತ್ತದೆ. ಆದರೆ ಮುಂದಿನ ಮೆಟ್ಟಿಲಿಗೆ ಈ ಕಾಗದಗಳು ಕೆಲಸಕ್ಕೆ ಬರುತ್ತವೆ.

ಮುಂದಿನ ಮೆಟ್ಟಿಲು ಗ್ರಾಹಕರ ಆಯೋಗ. "ಮೊಬೈಲ್ ಕೇಸು ಗ್ರಾಹಕರ ಕೋರ್ಟಿನಲ್ಲಿ ನಡೆಯುವುದಿಲ್ಲ" ಎಂದು ಹೇಳುವವರು ಇನ್ನೂ ಸಿಗುತ್ತಾರೆ. ಒಂದು ಕಾಲಕ್ಕೆ ಅದು ನಿಜವಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಟೆಲಿಗ್ರಾಫ್ ಕಾಯ್ದೆಯನ್ನು ಮುಂದಿಟ್ಟು ಟೆಲಿಫೋನ್ ಬಿಲ್ಲಿನ ತಕರಾರು ಗ್ರಾಹಕರ ವೇದಿಕೆಗೆ ಬರುವುದಿಲ್ಲ ಎಂದಿತ್ತು. ಆಮೇಲೆ ಅಹಮದಾಬಾದಿನ ಒಬ್ಬ ವೊಡಾಫೋನ್ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು ಒಮ್ಮೆಲೇ 24,609 ರೂಪಾಯಿ ಬಂತು. ಅವರು ಗ್ರಾಹಕರ ವೇದಿಕೆಗೆ ಹೋದರು. ಇಲ್ಲಿಗೆ ಬರುವ ಹಾಗಿಲ್ಲ ಎಂದು ಕಂಪನಿ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 2022ರ ಫೆಬ್ರುವರಿ 16ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಗ್ರಾಹಕರ ಪರ ತೀರ್ಪು ಕೊಟ್ಟಿತು: ದೂರಸಂಪರ್ಕವೂ ಒಂದು ಸೇವೆ, ಅದರಲ್ಲಿನ ಕೊರತೆಗೆ ಗ್ರಾಹಕರ ವೇದಿಕೆಯ ಬಾಗಿಲು ತೆರೆದಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಸೇವೆಗೆ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು, 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ. "ಜಿಲ್ಲೆ", "24 ಗಂಟೆ" ಎಂಬ ಟ್ರಾಯ್ ಅಳತೆಗಳಿಗೆ ಆಯೋಗ ಕಟ್ಟುಬಿದ್ದಿಲ್ಲ. ನಿಮ್ಮ ಹಳ್ಳಿಯ ಒಂದೇ ಟವರಿನ ಕಥೆಯನ್ನೂ ಸೇವೆಯ ಕೊರತೆ ಎಂದು ಅಲ್ಲಿ ಮುಂದಿಡಬಹುದು. ಗೆಲುವು ಖಾತ್ರಿ ಎಂದು ನಾವು ಹೇಳುವುದಿಲ್ಲ. ತಾರೀಖು, ಡಾಕೆಟ್ ನಂಬರ್, ರೀಚಾರ್ಜ್ ರಸೀದಿ, ಸ್ಕ್ರೀನ್‌ಶಾಟ್ ಇದ್ದವರ ಮಾತಿಗೆ ತೂಕ ಬರುತ್ತದೆ.

ಮನೆಗೆ ಎಳೆದುಕೊಂಡ ಲ್ಯಾಂಡ್‌ಲೈನ್, ಫೈಬರ್ ಸಂಪರ್ಕದ್ದು ಬೇರೆ ಲೆಕ್ಕ. ಅಲ್ಲಿ ಜಿಲ್ಲೆಯ ಪ್ರಶ್ನೆ ಇಲ್ಲ. ನೀವು ಕೊಟ್ಟ ದೂರು ಮೂರು ದಿನ ದಾಟಿಯೂ ಸರಿಯಾಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೇಳುವ ಹಕ್ಕಿದೆ.

ನೆಟ್ ಹೋದಾಗ ಹುಟ್ಟುವ ಸುದ್ದಿಗಳು

ನೆಟ್‌ವರ್ಕ್ ಹೋದ ಊರಿನಲ್ಲಿ ಸುದ್ದಿಗೆ ಬರವಿಲ್ಲ. "5ಜಿ ಟೆಸ್ಟಿಂಗ್ ನಡೆದಿದೆ", "ಸರ್ಕಾರವೇ ಬಂದ್ ಮಾಡಿಸಿದೆ", "ಟವರ್ ಹ್ಯಾಕ್ ಆಗಿದೆ". ಸರ್ಕಾರ ಇಂಟರ್‌ನೆಟ್ ನಿಲ್ಲಿಸುವುದು ಉಂಟು. 2023ರ ಜೂನ್‌ನಲ್ಲಿ ಪಕ್ಕದ ಕೊಲ್ಹಾಪುರದಲ್ಲಿ ಗಲಾಟೆಯಾದಾಗ ನಿಲ್ಲಿಸಿದ್ದರು. ಆದರೆ ಅದಕ್ಕೆ ಲಿಖಿತ ಆದೇಶ ಬೇಕು, ಅದು ಸುದ್ದಿಯಾಗುತ್ತದೆ. ಕರೆಯೂ ಇಲ್ಲ, ನೆಟ್ಟೂ ಇಲ್ಲ, ಅದೂ ಒಂದೇ ಕಂಪನಿಯದು ಎಂದರೆ ಸರ್ಕಾರಕ್ಕಿಂತ ಜೆಸಿಬಿಯ ಮೇಲೆ ಅನುಮಾನ ಪಡುವುದು ಮೇಲು.

ವಾಟ್ಸಾಪ್ ಒಂದೇ ನಿಂತಿದ್ದರೆ ಸಿಮ್ ಕಂಪನಿಗೆ ಬೈದು ಪ್ರಯೋಜನವಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತಿದ್ದವು. ಆ ರಾತ್ರಿ ಫೋನ್ ಆಫ್ ಮಾಡಿ ಆನ್ ಮಾಡಿದವರೆಷ್ಟೋ. ಒಂದು ಸಾದಾ ಕರೆ ಮಾಡಿ ನೋಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಅಪಾಯ ಇರುವುದು ಬೇರೆ ಎರಡು ಕಡೆ. ಒಂದು, "ನೆಟ್‌ವರ್ಕ್ ಸಮಸ್ಯೆಗೆ ಪರಿಹಾರವಾಗಿ ಉಚಿತ ರೀಚಾರ್ಜ್, ಈ ಲಿಂಕ್ ಒತ್ತಿ" ಎಂಬ ಸಂದೇಶ. 28 ದಿನಕ್ಕೆ 239 ರೂಪಾಯಿಯ ರೀಚಾರ್ಜನ್ನು ಸರ್ಕಾರ ಎಲ್ಲರಿಗೂ ಉಚಿತ ಕೊಡುತ್ತಿದೆ ಎಂಬ ಫಾರ್ವರ್ಡ್ ಸುಳ್ಳೆಂದು ಕೇಂದ್ರದ ಪಿಐಬಿ ಫ್ಯಾಕ್ಟ್‌ಚೆಕ್ ಹೇಳಿದ್ದರೂ ಅದು ಹೊಸ ಹೊಸ ವೇಷದಲ್ಲಿ ಬರುತ್ತಲೇ ಇರುತ್ತದೆ. ನಿಯಮದ ಪರಿಹಾರಕ್ಕೆ ಯಾವ ಲಿಂಕೂ ಇಲ್ಲ, ಫಾರಂ ಇಲ್ಲ, ಓಟಿಪಿ ಇಲ್ಲ. ಸಿಗುವುದಿದ್ದರೆ ಕಂಪನಿಯೇ ನಿಮ್ಮ ಖಾತೆಗೆ ಹಾಕಬೇಕು. "ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, 9 ಒತ್ತಿ" ಎಂಬ ಕರೆಯೂ ಮೋಸವೇ.

ಎರಡನೆಯದು, ನಿಮ್ಮೊಬ್ಬರದೇ ನೆಟ್‌ವರ್ಕ್ ಹೋಗುವುದು. ಪಕ್ಕದವರ ಬಳಿ ಅದೇ ಕಂಪನಿಯ ಸಿಮ್ ಸರಿಯಾಗಿ ನಡೆಯುತ್ತಿದ್ದು, ನಿಮ್ಮದು ಮಾತ್ರ ಏಕಾಏಕಿ ಸತ್ತು, ಫೋನ್ ಆಫ್ ಮಾಡಿ ಆನ್ ಮಾಡಿದರೂ ಬರದಿದ್ದರೆ, "ಟವರ್ ಸಮಸ್ಯೆ" ಎಂದು ಸುಮ್ಮನಿರಬೇಡಿ. ಯಾರೋ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆದಿರಬಹುದು, ಬ್ಯಾಂಕಿನ ಓಟಿಪಿಗಳು ಅಲ್ಲಿಗೆ ಹೋಗುತ್ತಿರಬಹುದು. ಬೇರೆಯವರ ಫೋನಿನಿಂದ ಆಗಿಂದಾಗಲೇ ಕಂಪನಿಗೆ, ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ 1930.

ಸ್ಕ್ಯಾನ್ ಮಾಡಿದ ದುಡ್ಡು ನಡುವೆ ಸಿಕ್ಕಿಕೊಂಡರೆ

ಅಂಗಡಿಯಲ್ಲಿ ಒಂದು ಜಗಳವೂ ನಡೆದಿತ್ತಂತೆ. ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ಅಂಗಡಿಯವರ ಖಾತೆಗೆ ಬಂದಿಲ್ಲ. ಇಬ್ಬರೂ ನಿಜ ಹೇಳುತ್ತಿದ್ದಾರೆ. ಇಲ್ಲಿ ನಿಯಮ ಮೊಬೈಲ್ ಕಂಪನಿಗಳ ನಿಯಮಕ್ಕಿಂತ ಎಷ್ಟೋ ಗಟ್ಟಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಒಬ್ಬರಿಂದೊಬ್ಬರಿಗೆ ಕಳಿಸಿದ ಯುಪಿಐ ಹಣ ತಲುಪದಿದ್ದರೆ ಮಾರನೆಯ ದಿನದೊಳಗೆ, ಅಂಗಡಿಗೆ ಕೊಟ್ಟದ್ದು ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಬ್ಯಾಂಕ್ ಕೊಡಬೇಕು, ಗ್ರಾಹಕ ಕೇಳದಿದ್ದರೂ. ಒಂದೇ ಫೋನು, ಒಂದೇ ತೊಂದರೆ, ದುಡ್ಡು ಸಿಕ್ಕಿಕೊಂಡರೆ ದಿನಕ್ಕೆ 100 ರೂಪಾಯಿ, ನೆಟ್‌ವರ್ಕ್ ಸಿಕ್ಕಿಕೊಂಡರೆ 15.

ಕರೆ ಹೋಗುತ್ತಿದ್ದು ನೆಟ್ ಮಾತ್ರ ಇಲ್ಲದಿದ್ದರೆ *99# ಒತ್ತಿ ನೋಡಬಹುದು. ಇಂಟರ್‌ನೆಟ್ ಬೇಡ, ಕನ್ನಡದಲ್ಲೂ ಇದೆ, 5,000 ರೂಪಾಯಿವರೆಗೆ ಕಳಿಸಬಹುದು. ಸಾದಾ ಕೀಪ್ಯಾಡ್ ಫೋನಿನಲ್ಲೂ ನಡೆಯುತ್ತದೆ. ರೇಂಜೇ ಇಲ್ಲದಿದ್ದರೆ ಇದೂ ಇಲ್ಲ.

ಮುಂದಿನ ಹೊಳೆಗೆ ಮುಂಚೆ

ಟವರ್ ಪೂರ್ತಿ ಸತ್ತಾಗ ಫೋನಿನ ಮೇಲೆ "ತುರ್ತು ಕರೆ ಮಾತ್ರ" ಎಂದು ಬಂದರೆ ಬೇರೆ ಯಾವುದೋ ಕಂಪನಿಯ ಟವರ್ ಹತ್ತಿರದಲ್ಲಿ ಇನ್ನೂ ಬದುಕಿದೆ ಎಂದರ್ಥ. ಆ ಮೂಲಕ 112ಕ್ಕೆ ಕರೆ ಮಾಡಿ ನೋಡಬಹುದು. ಮನೆಯಲ್ಲಿ ಎರಡು ಸಿಮ್ ಇದ್ದರೆ ಎರಡೂ ಒಂದೇ ಕಂಪನಿಯದು ಬೇಡ.

ಇದಕ್ಕಿಂತ ದೊಡ್ಡ ಉಪಾಯ ಒಂದಿದೆ, ಅದು ನಮ್ಮ ಕೈಯಲ್ಲಿಲ್ಲ. ವಿಕೋಪದ ಹೊತ್ತಿನಲ್ಲಿ ಯಾವ ಕಂಪನಿಯ ಸಿಮ್ ಆದರೂ ಬದುಕಿರುವ ಯಾವ ಕಂಪನಿಯ ಟವರಿನ ಮೇಲಾದರೂ ಮಾಮೂಲು ಕರೆ ಮಾಡುವಂತೆ ದೂರಸಂಪರ್ಕ ಇಲಾಖೆ ವ್ಯವಸ್ಥೆ ಮಾಡಿಸಬಲ್ಲದು. ಒಂದೇ ವೃತ್ತದೊಳಗಿನ ರೋಮಿಂಗ್ ಎನ್ನುತ್ತಾರೆ. ಚಂಡಮಾರುತ ಬಂದಾಗ ಪೂರ್ವ ಕರಾವಳಿಯ ರಾಜ್ಯಗಳಲ್ಲಿ ಇದನ್ನು ಬಳಸಿದ್ದಾರೆ. ಕೃಷ್ಣೆಯ ಪೂರ ಚಂಡಮಾರುತದಂತೆ ಒಮ್ಮೆಲೇ ಬರುವುದಲ್ಲ, ಕೊಯ್ನಾದಿಂದ ಎಷ್ಟು ನೀರು ಬಿಟ್ಟರು ಎನ್ನುವುದು ಮೊದಲೇ ತಿಳಿದಿರುತ್ತದೆ. ಜುಲೈ ಬರುವ ಮೊದಲೇ ತಹಶೀಲ್ದಾರರ ಪ್ರವಾಹ ಸಿದ್ಧತೆ ಸಭೆಯಲ್ಲಿ ದೋಣಿ, ಮೇವು, ಗಂಜಿ ಕೇಂದ್ರಗಳ ಜೊತೆಗೆ "ಯಾವ ಟವರಿಗೆ ಎಷ್ಟು ಗಂಟೆಯ ಬ್ಯಾಟರಿ ಇದೆ, ರೋಮಿಂಗ್ ಯಾವಾಗ ತೆರೆಯುತ್ತೀರಿ" ಎಂದು ಪಂಚಾಯಿತಿ ಸದಸ್ಯರು ಕೇಳಬಹುದು. ಆ ಫಾರ್ವರ್ಡ್ ಕಳಿಸುವಷ್ಟೇ ಸುಲಭದ ಪ್ರಶ್ನೆ ಇದು.

ನಾವು ಅಂಗಡಿಯಿಂದ ಎದ್ದಾಗ ಸಂಜೆಯಾಗಿತ್ತು, ರೇಂಜ್ ಬಂದಿತ್ತು. ಹುಡುಗ 198ಕ್ಕೆ ಕರೆ ಮಾಡಿ, ಬಹಳ ಹೊತ್ತು ಹಾಡು ಕೇಳಿ, ಕೊನೆಗೆ ಒಂದು ಡಾಕೆಟ್ ನಂಬರ್ ಪಡೆದ. ಬರೆದುಕೊಳ್ಳಲು ಕೈಗೆ ಏನೂ ಸಿಗದೆ ಚಪ್ಪಲಿ ಡಬ್ಬಿಯ ಮುಚ್ಚಳದ ಮೇಲೆ ಬರೆದ, ಕೆಳಗೆ ತಾರೀಖು ಹಾಕಿದ. ಅವನ ಅಪ್ಪ ಅದನ್ನು ತೆಗೆದು ಕ್ಯೂಆರ್ ಫಲಕದ ಪಕ್ಕದಲ್ಲಿ ಇಟ್ಟರು.